ಬೇರಿನ ಶಿಲೀಂಧ್ರ ಮತ್ತು ಲೋಹ ಸೇರಿದ ಮಣ್ಣು: ಹೊರತೆಗೆಯುವುದೋ, ಹಿಡಿದಿಡುವುದೋ?

ಬೆಂಗಳೂರಿನ ನರ್ಸರಿಗಳಲ್ಲಿಯೂ ಗೊಬ್ಬರದ ಅಂಗಡಿಗಳಲ್ಲಿಯೂ ಈಗ ಮೈಕೊರೈಝಾ ಎಂಬ ಹೆಸರಿನ ಪುಡಿಯ ಪೊಟ್ಟಣ ಸುಲಭವಾಗಿ ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಒಡನಾಟವಿರುವ ಹಳೆಯ ರೈತರು ಇದನ್ನೇ ‘ವ್ಯಾಮ್’ ಎನ್ನುತ್ತಾರೆ. ಗಿಡದ ಬೇರಿನೊಳಗೆ ನೆಲೆಸಿ ಮಣ್ಣಿನ ರಂಜಕವನ್ನು ಗಿಡಕ್ಕೆ ತಂದುಕೊಡುವ ಈ ಶಿಲೀಂಧ್ರಗಳು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಲೋಹಗಳು ಸೇರಿಕೊಂಡ ಮಣ್ಣನ್ನು ಸರಿಪಡಿಸಲು ನೆರವಾಗುತ್ತವೆಯೇ ಎಂದು, ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನ್ನನ್ನು ಹಲವರು ಕೇಳುತ್ತಾರೆ. ನೆರವಾಗುತ್ತವೆ ಎಂಬುದೇ ನನ್ನ ಉತ್ತರ. ಆದರೆ ಆ ನೆರವು ಎರಡು ಬಗೆಯದು, ಒಂದಕ್ಕೊಂದು ವಿರುದ್ಧವಾದದ್ದು. ನಮಗೆ ಬೇಕಾದದ್ದು ಯಾವುದು ಎಂದು ಗಿಡ ನೆಡುವ ಮೊದಲೇ ತೀರ್ಮಾನಿಸದಿದ್ದರೆ ಲಾಭಕ್ಕಿಂತ ಹಾನಿಯೇ ಹೆಚ್ಚಾಗಬಹುದು. ಬೆಂಗಳೂರಿನ ಸುತ್ತಮುತ್ತಲಿನ ನೆಲವನ್ನು ಮುಂದಿಟ್ಟುಕೊಂಡು ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಅಗತ್ಯವೆಂದು ನನಗೆ ತೋರಿದೆ.

ಎಣ್ಣೆಯೋ ಕೀಟನಾಶಕವೋ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿಯಾದರೂ ಒಡೆದು ಇಲ್ಲವಾಗಿಸಬಲ್ಲವು. ಸೀಸವನ್ನು ಯಾವ ಜೀವಿಯೂ ಒಡೆಯಲಾರದು, ಏಕೆಂದರೆ ಅದು ಮೂಲವಸ್ತು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ 2000ದ ಫೆಬ್ರವರಿಯಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಆದರೆ ಅದಕ್ಕಿಂತ ಮೊದಲು ರಸ್ತೆಯಂಚಿನ ಮಣ್ಣಿಗೂ ಹಳೆಯ ಗೋಡೆಗಳ ಬುಡಕ್ಕೂ ಸೇರಿದ ಸೀಸ ಅಲ್ಲಿಯೇ ಇದೆ. ಹೀಗಿರುವಾಗ ಉಳಿಯುವ ದಾರಿಗಳು ಎರಡೇ. ಲೋಹವನ್ನು ಗಿಡದ ಕಾಂಡಕ್ಕೂ ಎಲೆಗೂ ಏರಿಸಿ, ಕೊಯ್ದು, ಆ ನೆಲದಿಂದಾಚೆ ಸಾಗಿಸುವುದು ಒಂದು. ಲೋಹ ನೀರಿಗೂ ಗಾಳಿಗೂ ಆಹಾರಕ್ಕೂ ಸೇರದಂತೆ ಬೇರಿನ ಸುತ್ತಲೇ ಕಟ್ಟಿಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಎಲೆಯಲ್ಲಿ ಲೋಹ ಹೆಚ್ಚಾದಷ್ಟೂ ಗೆಲುವು, ಎರಡನೆಯದರಲ್ಲಿ ಕಡಿಮೆಯಾದಷ್ಟೂ ಗೆಲುವು.

ಶಿಲೀಂಧ್ರ ಮತ್ತು ಬೇರಿನ ಈ ಸಹವಾಸಕ್ಕೆ ಮೈಕೊರೈಝಾ ಎಂಬ ಹೆಸರನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಸಹವಾಸವಾದರೋ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಸುಮಾರು 40 ಕೋಟಿ ವರ್ಷಗಳ ಹಿಂದಿನ ಶಿಲೆಯಲ್ಲಿ, ನೆಲದ ಮೇಲೆ ಬೆಳೆದ ಆದಿಕಾಲದ ಸಸ್ಯಗಳ ಜೀವಕೋಶಗಳೊಳಗೆ ಈ ಶಿಲೀಂಧ್ರಗಳ ಕುರುಹು ಹಾಗೆಯೇ ಉಳಿದಿದೆ. ಇಂದಿಗೂ ನೆಲಸಸ್ಯಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವುಗಳ ಬೇರಿನಲ್ಲಿ ಆರ್ಬಸ್ಕ್ಯುಲರ್ ಎಂಬ ಬಗೆಯ ಮೈಕೊರೈಝಾ ಇರುತ್ತದೆ. ನಮ್ಮ ರಾಗಿ, ಜೋಳ, ತೊಗರಿ, ಮಾವು, ಹೊಂಗೆ ಎಲ್ಲವೂ ಈ ಗುಂಪಿಗೆ ಸೇರಿದವು. ಶಿಲೀಂಧ್ರದ ಎಳೆ ಬೇರಿನ ಕೋಶದೊಳಗೆ ಹೊಕ್ಕು ಪುಟ್ಟ ಪೊದೆಯಂತೆ ಕವಲೊಡೆಯುತ್ತದೆ. ರಂಜಕ ಗಿಡಕ್ಕೂ, ಗಿಡ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನ ಅಂಶ ಶಿಲೀಂಧ್ರಕ್ಕೂ ಕೈಬದಲಾಗುವುದು ಅಲ್ಲಿಯೇ. ಬೇರಿನಿಂದಾಚೆ ಚಾಚಿಕೊಂಡ ಎಳೆಗಳು ಬೇರಿನ ರೋಮಕ್ಕಿಂತಲೂ ಸಣ್ಣವಾದ್ದರಿಂದ, ರೋಮ ನುಗ್ಗಲಾರದ ಮಣ್ಣಿನ ಸಂದುಗಳಿಗೂ ಅವು ನುಗ್ಗುತ್ತವೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಅಂಟಿಕೊಂಡು ಗಿಡಕ್ಕೆ ಸಿಗದಂತಾಗುವುದರಿಂದ ಇಲ್ಲಿನ ಬೆಳೆಗಳಿಗೆ ಈ ನಂಟು ಹೆಚ್ಚು ಬೇಕಾಗುತ್ತದೆ.

ಲೋಹಗಳು ಎದುರಾದಾಗ ಇದೇ ಎಳೆಗಳು ಏನು ಮಾಡುತ್ತವೆ ಎಂಬುದೇ ನಮ್ಮ ವಿಷಯದ ತಿರುಳು. ಎಳೆಯ ಗೋಡೆಯಲ್ಲಿರುವ ಕೈಟಿನ್ ಮೊದಲಾದ ವಸ್ತುಗಳಿಗೆ ಲೋಹದ ಅಯಾನುಗಳು ಅಂಟಿಕೊಳ್ಳುತ್ತವೆ. ಒಳಗೆ ಹೋದ ಒಂದಿಷ್ಟು ಭಾಗವನ್ನು ಶಿಲೀಂಧ್ರವು ಗಂಧಕಯುಕ್ತ ಸಣ್ಣ ಪ್ರೋಟೀನುಗಳಿಂದ ಬಂಧಿಸುತ್ತದೆ, ಇನ್ನೊಂದಿಷ್ಟನ್ನು ಕೋಶದೊಳಗಿನ ರಸದಾನಿ ಎಂಬ ಚೀಲದಲ್ಲಿ ರಂಜಕದ ಸರಪಳಿಗಳೊಂದಿಗೆ ಕೂಡಿಡುತ್ತದೆ. ಇದಲ್ಲದೆ, ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಸಾರಾ ರೈಟ್ ಅವರು 1996ರಲ್ಲಿ ಗುರುತಿಸಿದ ಗ್ಲೊಮಾಲಿನ್ ಎಂಬ ಅಂಟಾದ ಪ್ರೋಟೀನ್ ಈ ಶಿಲೀಂಧ್ರಗಳೊಂದಿಗೆ ಮಣ್ಣು ಸೇರುತ್ತದೆ. ಅದು ಮಣ್ಣಿನ ಕಣಗಳನ್ನು ಹೆಂಟೆಯಾಗಿ ಕೂಡಿಸುತ್ತದೆ. ತಾಮ್ರ, ಸೀಸ, ಕ್ಯಾಡ್ಮಿಯಂಗಳನ್ನೂ ತನ್ನಲ್ಲಿ ಹಿಡಿದುಕೊಳ್ಳುತ್ತದೆಂದು ಅನಂತರದ ಅಧ್ಯಯನಗಳು ತೋರಿಸಿವೆ. ಒಟ್ಟಿನ ಪರಿಣಾಮವೇನೆಂದರೆ, ಲೋಹ ಬಹಳವಾಗಿರುವ ಮಣ್ಣಿನಲ್ಲಿ ಮೈಕೊರೈಝಾ ಇರುವ ಗಿಡಗಳು ಸಾಮಾನ್ಯವಾಗಿ ಹೆಚ್ಚು ಪಾಲನ್ನು ಬೇರಿನಲ್ಲಿಯೇ ಇರಿಸಿಕೊಂಡು ಎಲೆಗೆ ಕಡಿಮೆ ಕಳುಹಿಸುತ್ತವೆ. ಸತು ಮತ್ತು ತಾಮ್ರ ಕೊರತೆಯಾಗಿರುವ ಮಣ್ಣಿನಲ್ಲಾದರೆ ಅದೇ ಶಿಲೀಂಧ್ರ ಅವನ್ನು ಹುಡುಕಿ ಗಿಡಕ್ಕೆ ಹೆಚ್ಚಾಗಿ ಒದಗಿಸುತ್ತದೆ, ಏಕೆಂದರೆ ಅಲ್ಪ ಪ್ರಮಾಣದಲ್ಲಿ ಅವು ಗಿಡಕ್ಕೆ ಆಹಾರ. ಆದ್ದರಿಂದ ‘ಈ ಶಿಲೀಂಧ್ರ ಲೋಹವನ್ನು ಹೀರಿಸುತ್ತದೆ’ ಎಂದಾಗಲಿ ‘ತಡೆಯುತ್ತದೆ’ ಎಂದಾಗಲಿ ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಯಾವ ಲೋಹ, ಎಷ್ಟು ಪ್ರಮಾಣ, ಯಾವ ಗಿಡ, ಮಣ್ಣಿನ ಹುಳಿಗುಣ ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಲೋಹವನ್ನು ಮಿತಿಮೀರಿ ಹೀರುವ ಸಸ್ಯಗಳು ಇರುವುದು ನಿಜ, ಅವು ಬೆರಗು ಹುಟ್ಟಿಸುವುದೂ ನಿಜ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಬೆಳೆಯುವ ಒಂದು ಮರದ ಹಾಲು ನಿಕ್ಕಲ್‌ನಿಂದಾಗಿ ನೀಲಿಹಸಿರು ಬಣ್ಣಕ್ಕಿರುತ್ತದೆ. ಒಣಗಿಸಿದ ಆ ಹಾಲಿನ ತೂಕದಲ್ಲಿ ಸುಮಾರು ಕಾಲು ಭಾಗ ನಿಕ್ಕಲ್ಲೇ ಇರಬಹುದು. ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ರಾಶಿರಾಶಿಯಾಗಿ ಎಲೆಗೇರಿಸುತ್ತದೆಂದು 2001ರಲ್ಲಿ ಫ್ಲಾರಿಡಾದ ಸಂಶೋಧಕರು ಪ್ರಕಟಿಸಿದರು. ಅದು ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಹಳೆಯ ಗಾರೆಗೋಡೆಗಳ, ಮೋರಿಗಳ, ಬಾವಿಕಟ್ಟೆಗಳ ಸಂದಿನಲ್ಲಿ ಅದು ಬೆಳೆಯುತ್ತದೆ. ಆರ್ಸೆನಿಕ್‌ನ ಒಂದು ರೂಪವಾದ ಆರ್ಸೆನೇಟ್ ರಚನೆಯಲ್ಲಿ ರಂಜಕದ ರೂಪವಾದ ಫಾಸ್ಫೇಟನ್ನು ಹೋಲುವುದರಿಂದ, ರಂಜಕವನ್ನು ಒಳಗೆ ಬಿಡುವ ಬಾಗಿಲಿನಿಂದಲೇ ಅದೂ ಬೇರಿನೊಳಗೆ ನುಸುಳುತ್ತದೆ. ಈ ಜರೀಗಿಡದ ಬೇರಿನಲ್ಲಿಯೂ ಮೈಕೊರೈಝಾ ಇರುತ್ತದೆ.

ಆದರೆ ಲೋಹ ಹೊರತೆಗೆಯುವ ಪ್ರಯೋಗಗಳಲ್ಲಿ ಬಹಳವಾಗಿ ಬಳಕೆಯಾದ ಸಸ್ಯ ನಮ್ಮ ಸಾಸಿವೆ, ಮತ್ತು ಸಾಸಿವೆಯ ಬೇರಿನಲ್ಲಿ ಈ ಶಿಲೀಂಧ್ರ ನೆಲೆಸುವುದಿಲ್ಲ. ಸಾಸಿವೆ, ಮೂಲಂಗಿ, ಕೋಸುಗಳ ಕುಟುಂಬ ಈ ನಂಟನ್ನು ವಿಕಾಸದ ಹಾದಿಯಲ್ಲಿ ಬಹಳ ಹಿಂದೆಯೇ ಬಿಟ್ಟುಕೊಟ್ಟಿದೆ. ಮೈಕೊರೈಝಾ ಪುಡಿಯನ್ನು ಸಾಸಿವೆಯ ಬೀಜದೊಂದಿಗೆ ಬೆರೆಸಿ ‘ಮಣ್ಣು ಶುದ್ಧಿ’ಗೆ ಬಿತ್ತುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅವರಿಗೆ ಸಾಸಿವೆಯೂ ತಿಳಿದಿಲ್ಲ, ಶಿಲೀಂಧ್ರವೂ ತಿಳಿದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲ್ಪದರದ 20 ಸೆಂಟಿಮೀಟರ್ ಮಣ್ಣು ಸುಮಾರು 1,000 ಟನ್ ತೂಗುತ್ತದೆ. ಅದರಲ್ಲಿ ಸೀಸವನ್ನು ಕಿಲೋವೊಂದಕ್ಕೆ 300 ಮಿಲಿಗ್ರಾಂನಷ್ಟು ಇಳಿಸಬೇಕಾದರೆ 300 ಕಿಲೋ ಸೀಸವನ್ನು ಹೊರಗೆ ಸಾಗಿಸಬೇಕು. ವರ್ಷಕ್ಕೆ 4 ಟನ್ ಒಣ ತೂಕದ ಬೆಳೆ ಬಂದು, ಅದರ ಕಿಲೋವೊಂದರಲ್ಲಿ 100 ಮಿಲಿಗ್ರಾಂ ಸೀಸವಿತ್ತೆಂದು ಉದಾರವಾಗಿಯೇ ಎಣಿಸಿದರೂ ವರ್ಷಕ್ಕೆ ಹೊರಬರುವುದು 400 ಗ್ರಾಂ. ಕೆಲಸ ಮುಗಿಯಲು 750 ವರ್ಷ ಬೇಕು. ಶಿಲೀಂಧ್ರದ ನೆರವಿನಿಂದ ಬೆಳೆ ಇಮ್ಮಡಿಯಾದರೂ 375 ವರ್ಷ. ಕ್ಯಾಡ್ಮಿಯಂ ವಿಷಯದಲ್ಲಿ ಸ್ಥಿತಿ ಅಷ್ಟು ನಿರಾಶಾದಾಯಕವಲ್ಲ, ಏಕೆಂದರೆ ಅದು ಮಣ್ಣಿನಲ್ಲಿರುವ ಪ್ರಮಾಣವೂ ಕಡಿಮೆ, ಎಲೆಗೆ ಏರುವ ವೇಗವೂ ಹೆಚ್ಚು: ಕಿಲೋವೊಂದಕ್ಕೆ 3 ಮಿಲಿಗ್ರಾಂ ಇಳಿಸಲು ಎಕರೆಗೆ 3 ಕಿಲೋ ತೆಗೆದರೆ ಸಾಕು, ಬೆಳೆಯಲ್ಲಿ ಕಿಲೋವೊಂದಕ್ಕೆ 20 ಮಿಲಿಗ್ರಾಂ ಸೇರುವುದಾದರೆ ಸುಮಾರು 37 ವರ್ಷ, ಬೆಳೆ ಇಮ್ಮಡಿಯಾದರೆ ಅದರ ಅರ್ಧ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದವರಿಗೆ, ಸೀಸದ ಮಣ್ಣಿನಲ್ಲಿ ಹೊರತೆಗೆಯುವ ಮಾತನ್ನು ಬಿಟ್ಟು ಹಿಡಿದಿಡುವ ಮಾತನ್ನೇ ಆಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಇ.ಡಿ.ಟಿ.ಎ. ಎಂಬ ರಾಸಾಯನಿಕವನ್ನು ಸುರಿದು ಸೀಸವನ್ನು ಕರಗಿಸಿ ಗಿಡಕ್ಕೆ ಏರಿಸುವ ಪ್ರಯೋಗಗಳೂ ನಡೆದಿವೆ. ಆದರೆ ಕರಗಿದ ಸೀಸ ಗಿಡಕ್ಕೆ ಏರುವಂತೆಯೇ ಅಂತರ್ಜಲಕ್ಕೂ ಇಳಿಯುತ್ತದೆ. ಸುತ್ತಲೂ ಬೋರ್‌ವೆಲ್‌ಗಳಿರುವ ನಮ್ಮ ಊರಿನಲ್ಲಿ ಅದನ್ನು ಮಾಡಲೇಬಾರದು.

ವೃಷಭಾವತಿಯ ಕಡೆಗೆ ಬರೋಣ. ನಗರದೊಳಗೇ ಹುಟ್ಟಿ, ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿ ದಾಟಿ, ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಸೇರುವ ಈ ನದಿ ಮನೆಗಳ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ದಶಕಗಳಿಂದ ಹೊತ್ತು ತರುತ್ತಿದೆ. ಆ ನೀರಿನಲ್ಲಿಯೇ ಅಲ್ಲಿನವರು ಬೇಬಿ ಕಾರ್ನ್, ದನದ ಮೇವು, ಹಿಪ್ಪುನೇರಳೆ ಬೆಳೆದು ಬದುಕಿದ್ದಾರೆ. ಆ ಭಾಗದಲ್ಲಿ ಹೊಲವಿರುವ ನನ್ನ ಸೋದರಮಾವನ ಮಗ ಒಮ್ಮೆ ಪುಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದು, “ಅಣ್ಣಾ, ಇದ್ನ ಹಾಕುದ್ರೆ ಮಣ್ಣಲ್ಲಿರೋ ವಿಸ ಎಲ್ಲಾ ಹೋಯ್ತದಂತೆ, ದಿಟವಾ?” ಎಂದು ಕೇಳಿದ. “ವಿಷ ಹೋಗೋದಿಲ್ಲ ಕಣಪ್ಪ, ಇದ್ದಲ್ಲೇ ಇರೋ ಹಾಗೆ ಮಾಡಬಹುದು. ಮೊದಲು ಮಣ್ಣಿನಲ್ಲಿ ಏನಿದೆ ಅಂತ ನೋಡಿಸು, ರಂಜಕನೂ ಸೇರಿಸಿ” ಎಂದೆ. ರಂಜಕದ ಮಾತು ಅವನಿಗೆ ವಿಚಿತ್ರವೆನಿಸಿತು. ಆದರೆ ಬೆಂಗಳೂರಿನ ಕೊಳಚೆಯ ನೀರು ಕುಡಿದ ಹೊಲಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಚಾರ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಿಡಕ್ಕೆ ರಂಜಕ ಧಾರಾಳವಾಗಿ ಸಿಗುವಾಗ ಅದು ಶಿಲೀಂಧ್ರವನ್ನು ಸಾಕುವುದಿಲ್ಲ. ತಾನು ತಯಾರಿಸಿದ ಆಹಾರದಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತು ಪಾಲಿನವರೆಗೆ ಕೊಟ್ಟು ಸಾಕುವ ಕೂಲಿಯಾಳನ್ನು, ಕೆಲಸವಿಲ್ಲದಾಗ ಯಾವ ಮನೆಯೂ ಇಟ್ಟುಕೊಳ್ಳುವುದಿಲ್ಲ. ಮಲಮೂತ್ರದ ಮತ್ತು ಸೋಪಿನಪುಡಿಯ ರಂಜಕ ನಮ್ಮ ಕೊಳಚೆಯಲ್ಲಿ ಹೇರಳವಾಗಿದೆ. ಆ ನೀರನ್ನು ವರ್ಷಗಟ್ಟಲೆ ಹಾಯಿಸಿದ ಹೊಲದಲ್ಲಿ ರೂಢಿಯಂತೆ ರಂಜಕದ ಗೊಬ್ಬರವಾದ ಡಿಎಪಿಯನ್ನೂ ಎರಚಿದರೆ, ದುಡ್ಡು ಕೊಟ್ಟು ತಂದ ಶಿಲೀಂಧ್ರ ಬೇರಿನೊಳಗೆ ಹೋಗುವುದೇ ಕಷ್ಟ. ಅಂತಹ ಹೊಲದಲ್ಲಿ ಮೊದಲ ಕೆಲಸ ಡಿಎಪಿ ನಿಲ್ಲಿಸುವುದು. ಎರಡನೆಯದು ಪದೇ ಪದೇ ಉಳುವುದನ್ನು ಕಡಿಮೆ ಮಾಡುವುದು, ಏಕೆಂದರೆ ನೇಗಿಲು ಎಳೆಗಳ ಜಾಲವನ್ನು ಹರಿಯುತ್ತದೆ. ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕವನ್ನು ಬೇರಿಗೆ ಸುರಿಯದಿರುವುದು ಮೂರನೆಯದು. ಇವು ಮೂರೂ ಖರ್ಚಿಲ್ಲದ ಕೆಲಸಗಳು. ಇವನ್ನು ಮಾಡದೆ ಪೊಟ್ಟಣ ತರುವುದರಲ್ಲಿ ಅರ್ಥವಿಲ್ಲ.

ಇನ್ನು ಸೊಪ್ಪಿನ ವಿಷಯ. ದಂಟು, ಪಾಲಕ್, ಚಕ್ಕೋತ, ಬೀಟ್‌ರೂಟ್ ಇವೆಲ್ಲ ಒಂದೇ ಕುಟುಂಬದವು; ಸಾಸಿವೆಯ ಕುಟುಂಬದಂತೆ ಇವುಗಳಲ್ಲಿಯೂ ಈ ಶಿಲೀಂಧ್ರದ ನಂಟು ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗೆ, ಸೊಪ್ಪಿನ ಎಲೆಗಳು ಕ್ಯಾಡ್ಮಿಯಂ ಅನ್ನು ಕಾಳು ಮತ್ತು ಹಣ್ಣುಗಳಿಗಿಂತ ಹೆಚ್ಚಾಗಿ ಸೇರಿಸಿಕೊಳ್ಳುತ್ತವೆ. ಅಂದರೆ ಬೇರಿನಲ್ಲಿ ಲೋಹವನ್ನು ತಡೆಯಬಲ್ಲ ಶಿಲೀಂಧ್ರ ಇಲ್ಲದಿರುವುದೂ, ನಾವು ನೇರವಾಗಿ ತಿನ್ನುವ ಭಾಗದಲ್ಲಿಯೇ ಲೋಹ ಸೇರುವುದೂ ಒಂದೇ ಗಿಡದಲ್ಲಿ ಕೂಡಿಬಂದಿವೆ. ಆದ್ದರಿಂದ ಕಲುಷಿತ ನೀರಿನ ಹೊಲದಲ್ಲಿ ಮೈಕೊರೈಝಾ ಹಾಕಿದ್ದೇವೆ, ಸೊಪ್ಪು ಬೆಳೆಯಬಹುದು ಎಂಬ ಧೈರ್ಯ ಸರ್ವಥಾ ಬೇಡ. ತಾರಸಿ ತೋಟದವರಿಗೂ ಇದೇ ಮಾತು: ಊರಿನ ಕೆರೆಯ ಹೂಳು ಕಪ್ಪಗೆ ಫಲವತ್ತಾಗಿ ಕಂಡರೂ ಪರೀಕ್ಷೆ ಮಾಡಿಸದೆ ಕುಂಡಕ್ಕೆ ತುಂಬಬೇಡಿ. ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ದೇಶದ ಗಮನ ಸೆಳೆದ ಕೆಲಸ ನಡೆದದ್ದು ಇದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ. ಬೆಳೆಯುವ ಮಗುವಿನ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ಅಲ್ಲಿ ಏನು ಬೆಳೆಯಬೇಕು? ಚೆಂಡು ಹೂವಿನ ಬೇರಿಗೆ ಈ ಶಿಲೀಂಧ್ರ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಕೆ.ಆರ್. ಮಾರುಕಟ್ಟೆ ಹತ್ತಿರದಲ್ಲಿದೆ, ಹೂವನ್ನು ಯಾರೂ ತಿನ್ನುವುದಿಲ್ಲ. ದೇವರಿಗೆ ಏರಿಸಿದ ಹೂವು ಮರುದಿನ ಗೊಬ್ಬರದ ಗುಂಡಿಗೆ ಸೇರುವುದರಿಂದ ಹೂವಿನ ಪರೀಕ್ಷೆಯೂ ಒಮ್ಮೆ ಆಗಬೇಕು. ಬದುಗಳಿಗೂ ಕಾಲುವೆಯ ಅಂಚಿಗೂ ಲಾವಂಚ ಒಳ್ಳೆಯದು. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ, ಲೋಹವನ್ನು ಬಹುಮಟ್ಟಿಗೆ ಬೇರಿನಲ್ಲಿಯೇ ಇರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರು ಹಾಕುವ ರೂಢಿ ನಮ್ಮಲ್ಲಿರುವುದರಿಂದ, ಅಂತಹ ಹೊಲದ ಬೇರನ್ನು ಅಗೆದು ಮಾರುವಂತಿಲ್ಲವೆಂಬುದನ್ನು ನೆಡುವ ದಿನವೇ ಮನೆಯವರಿಗೆಲ್ಲ ತಿಳಿಹೇಳಬೇಕು.

ಬೈರಮಂಗಲಕ್ಕೆ ತೀರ ವಿರುದ್ಧವಾದ ನೆಲ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿದೆ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ಆದರೆ ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಪುಡಿ ದಿಬ್ಬಗಳಾಗಿ ನಿಂತಿದೆ. ಊರಿನವರು ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಅಲ್ಲಿ ಸಾವಯವ ಅಂಶವಿಲ್ಲ, ರಂಜಕವಿಲ್ಲ, ನೀರು ನಿಲ್ಲುವುದಿಲ್ಲ, ಕಣಗಳು ಒಂದಕ್ಕೊಂದು ಹತ್ತಿಕೊಳ್ಳುವುದಿಲ್ಲ. ಶಿಲೀಂಧ್ರ ಕೊಡುವುದು ಇವುಗಳನ್ನೇ: ಕೊರತೆಯಲ್ಲಿ ರಂಜಕ, ಬರದಲ್ಲಿ ಸ್ವಲ್ಪ ಹೆಚ್ಚು ನೀರು, ಧೂಳನ್ನು ಹೆಂಟೆಯಾಗಿಸುವ ಅಂಟು. ಅಂತಹ ದಿಬ್ಬದ ಮೇಲೆ ಹುಲ್ಲು ಮತ್ತು ಮರಗಳು ನಿಲ್ಲುವಂತೆ ಮಾಡುವುದೇ ಅರ್ಧ ಚಿಕಿತ್ಸೆ. ವಿದ್ಯುತ್ ಸ್ಥಾವರಗಳ ಹಾರುಬೂದಿಯ ಗುಂಡಿಗಳ ಮೇಲೆ ದೆಹಲಿಯ ಟೆರಿ ಎಂಬ ಸಂಶೋಧನಾ ಸಂಸ್ಥೆಯವರು ಮೈಕೊರೈಝಾ ಸಹಾಯದಿಂದ ಹಸಿರು ಬೆಳೆಸಿ ತೋರಿಸಿದ್ದಾರೆ. ಆ ಅನುಭವವನ್ನು ಕೋಲಾರದ ದಿಬ್ಬಗಳಿಗೆ ತರುವುದಾದರೆ ನಾನು ಮನಸಾರೆ ಸ್ವಾಗತಿಸುತ್ತೇನೆ.

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಲೋಹದ ಲೇಪನ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಬಂದ, ಕ್ರೋಮಿಯಂನ ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿದೆ. ಈ ಶಿಲೀಂಧ್ರಗಳ ಎಳೆಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿರುವುದರಿಂದ ಆ ಆಳದ ನೀರಿಗೆ ಅವು ಮದ್ದಲ್ಲ. ಅಲ್ಲಿ ಬೇಕಾಗಿರುವುದು ನೀರನ್ನು ಎತ್ತಿ ಶುದ್ಧೀಕರಿಸುವ ವ್ಯವಸ್ಥೆ.

ಯಾವ ಶಿಲೀಂಧ್ರ ಎಂಬ ಪ್ರಶ್ನೆ ಉಳಿಯಿತು. ಲೋಹದ ಮಣ್ಣಿಗೆ ಒಗ್ಗಿಕೊಂಡ ತಳಿಗಳು ಅಂತಹ ಮಣ್ಣಿನಲ್ಲಿಯೇ ಇರುತ್ತವೆ. ಸತು ತುಂಬಿದ ಮಣ್ಣನ್ನು ಸಹಿಸುವ ಒಂದು ತಳಿಯನ್ನು ಇಂಗ್ಲೆಂಡಿನ ಸಂಶೋಧಕರು 1981ರಲ್ಲಿ ವರದಿ ಮಾಡಿದರು. ಜರ್ಮನಿಯ ಹಳೆಯ ಗಣಿ ಪ್ರದೇಶವೊಂದರಲ್ಲಿ ಸತುವಿನ ಮಣ್ಣಿನಲ್ಲಿ ಬೆಳೆಯುವ ಹಳದಿ ವಯೋಲಾ ಗಿಡದ ಬೇರಿನಿಂದ ತೆಗೆದ ಮತ್ತೊಂದು ತಳಿ, ಮೆಕ್ಕೆಜೋಳವೂ ಅಂತಹ ಮಣ್ಣಿನಲ್ಲಿ ಬೆಳೆಯುವಂತೆ ಮಾಡಿತು. ಪೊಟ್ಟಣದ ತಳಿ ಶುದ್ಧ ಮಣ್ಣಿನಲ್ಲಿ ಬೆಳೆದು ಬಂದದ್ದು. ಆದ್ದರಿಂದ ಆಯಾ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹುಲ್ಲಿನ ಬೇರನ್ನೂ ಬುಡದ ಮಣ್ಣನ್ನೂ ತಂದು, ಹಬೆಯಲ್ಲಿ ಬೇಯಿಸಿ ಆರಿಸಿದ ಮರಳು ಮಿಶ್ರಿತ ಮಣ್ಣಿನ ಕುಂಡಗಳಲ್ಲಿ ಬೆರೆಸಿ, ಮೆಕ್ಕೆಜೋಳವನ್ನು ಬಿತ್ತಿ, ರಂಜಕದ ಗೊಬ್ಬರ ಕೊಡದೆ ಮೂರು ತಿಂಗಳು ಬೆಳೆಸಿ, ಅನಂತರ ನೀರು ನಿಲ್ಲಿಸಿ, ಗಿಡವನ್ನು ಬುಡಕ್ಕೆ ಕತ್ತರಿಸಿ, ಒಣಗಿದ ಬೇರು ಮತ್ತು ಮಣ್ಣನ್ನೇ ಸಸಿಮಡಿಗೆ ಬಳಸುವುದು ಉತ್ತಮ ಎಂದು ನಾನು ಹೇಳುತ್ತೇನೆ. ಅದು ಲೋಹವಿರುವ ಮಣ್ಣಾದ್ದರಿಂದ ಅದೇ ಹೊಲದಿಂದಾಚೆಗೆ ಹೋಗಬಾರದು. ಸಸಿಮಡಿಯಲ್ಲಿಯೇ ಶಿಲೀಂಧ್ರವನ್ನು ಬೇರಿಗೆ ಹತ್ತಿಸಿ ಅನಂತರ ನಾಟಿ ಮಾಡುವ ಕ್ರಮ ನಮಗೆ ಹೊಸದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಡಿ.ಜೆ. ಭಾಗ್ಯರಾಜ್ ಅವರೂ ಅವರ ಶಿಷ್ಯರೂ ಬೆಳೆ ಬೆಳೆಗೂ ತಕ್ಕ ತಳಿಗಳನ್ನು ಆರಿಸುವ ಕೆಲಸವನ್ನು ದಶಕಗಳ ಕಾಲ ಮಾಡಿದ್ದಾರೆ.

ಹತ್ತಿದೆಯೇ ಇಲ್ಲವೇ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಸಣ್ಣ ಬೇರುಗಳನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸಿ, ತೊಳೆದು, ಹುಳಿಗೊಳಿಸಿ, ಟ್ರಿಪಾನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. 1970ರಿಂದ ಬಳಕೆಯಲ್ಲಿರುವ ಈ ವಿಧಾನವನ್ನು ಯಾವ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಮಾಡಬಹುದು, ಮತ್ತು ಹೊಲದವರು ತಂದುಕೊಟ್ಟ ಬೇರನ್ನು ವಿದ್ಯಾರ್ಥಿಗಳು ನೋಡಿ ಹೇಳುವ ವ್ಯವಸ್ಥೆಯನ್ನು ನಮ್ಮ ಕಾಲೇಜುಗಳು ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಲೋಹದ ಪರೀಕ್ಷೆಯನ್ನು ಮಾತ್ರ ಸಜ್ಜಾದ ಪ್ರಯೋಗಾಲಯದಲ್ಲಿಯೇ ಮಾಡಿಸಬೇಕು. ಅಲ್ಲಿ ಮಣ್ಣಿನಲ್ಲಿರುವ ಒಟ್ಟು ಲೋಹದ ಜೊತೆಗೆ ಡಿ.ಟಿ.ಪಿ.ಎ. ದ್ರಾವಣದಲ್ಲಿ ಕರಗುವ, ಅಂದರೆ ಗಿಡಕ್ಕೆ ಸಿಗಬಹುದಾದ ಪಾಲನ್ನೂ ಕೇಳಿ ಪಡೆಯಿರಿ. ಹಿಡಿದಿಡುವ ಕೆಲಸ ಯಶಸ್ವಿಯಾದರೆ ಒಟ್ಟು ಪ್ರಮಾಣ ಬದಲಾಗುವುದಿಲ್ಲ; ಕಡಿಮೆಯಾಗಬೇಕಾದದ್ದು ಈ ಎರಡನೆಯ ಸಂಖ್ಯೆ ಮತ್ತು ಎಲೆಯಲ್ಲಿನ ಸಂಖ್ಯೆ. ಹೊರತೆಗೆಯುವ ದಾರಿಯನ್ನು ಆರಿಸಿಕೊಂಡವರು ಕೊಯ್ದ ಗಿಡವನ್ನು ದನಕ್ಕೆ ಹಾಕದೆ, ಹೊಲದಲ್ಲಿ ಸುಡದೆ, ಗೊಬ್ಬರದ ಗುಂಡಿಗೂ ಸೇರಿಸದೆ, ಒಣಗಿಸಿ ಅಪಾಯಕಾರಿ ತ್ಯಾಜ್ಯವೆಂದೇ ಸಾಗಿಸಬೇಕಾಗುತ್ತದೆ. ನಮ್ಮ ಭಾಗದಲ್ಲಿ ಅದಕ್ಕಿರುವ ಜಾಗ ದಾಬಸ್‌ಪೇಟೆಯ ಬಳಿ ಇದೆ. ಆ ಸಾಗಣೆಯ ಖರ್ಚನ್ನು ರೈತನೊಬ್ಬನೇ ಹೊರುವುದು ನ್ಯಾಯವಲ್ಲ; ಲೋಹವನ್ನು ನೀರಿಗೆ ಬಿಟ್ಟವರಿಂದ ಅದನ್ನು ವಸೂಲು ಮಾಡಬೇಕು.